ನಿಮ್ಮ ಚಿತ್ರ ಬೇರೆಯವರ ಅಂಗಡಿಯಲ್ಲಿ ಕಂಡರೆ: ಕಲಾವಿದರಿಗೊಂದು ಕೈಪಿಡಿ

ಕಾರುಗಳ ಹಿಂದಿನ ಗಾಜಿನ ಮೇಲೆ ಹುಬ್ಬು ಗಂಟಿಕ್ಕಿದ ಆ ಹನುಮಂತನ ಮುಖವನ್ನು ನೀವು ನೋಡಿಯೇ ಇರುತ್ತೀರಿ. ಕೇಸರಿ ಮತ್ತು ಕಪ್ಪು ಬಣ್ಣದ ಆ ಚಿತ್ರ ಬಿಡಿಸಿದವರು ಕಾಸರಗೋಡು ಜಿಲ್ಲೆಯ ಕುಂಬಳೆಯ ಕರಣ್ ಆಚಾರ್ಯ. 2015ರಲ್ಲಿ ಊರಿನ ಹುಡುಗರ ಸಂಘದ ಬಾವುಟಕ್ಕೆಂದು ಮಾಡಿಕೊಟ್ಟಿದ್ದು. ನೋಡನೋಡುತ್ತಲೇ ಅದು ಸ್ಟಿಕರ್ ಆಯಿತು, ಟೀ ಶರ್ಟ್ ಆಯಿತು, ವಾಟ್ಸಾಪ್ ಡಿಪಿ ಆಯಿತು. ಮಾರಿದವರಲ್ಲಿ, ಕೊಂಡವರಲ್ಲಿ ಬಹುಪಾಲು ಜನರಿಗೆ ಬಿಡಿಸಿದವರ ಹೆಸರೇ ಗೊತ್ತಿರಲಿಲ್ಲ.

ಇದೇ ಕಥೆ ಸಣ್ಣ ಮಟ್ಟದಲ್ಲಿ ದಿನಾ ನಡೆಯುತ್ತಿದೆ. ನೀವು ಇನ್‌ಸ್ಟಾಗ್ರಾಮಿಗೆ ಹಾಕಿದ ಯಕ್ಷಗಾನದ ವೇಷ ಯಾವುದೋ ಊರಿನ ಜಾತ್ರೆಯ ಫ್ಲೆಕ್ಸಿನಲ್ಲಿರುತ್ತದೆ. ನವೆಂಬರ್ ಬಂದರೆ ನಿಮ್ಮ ಭುವನೇಶ್ವರಿ ಇನ್ಯಾರದೋ ಟೀ ಶರ್ಟ್ ಮೇಲಿರುತ್ತಾಳೆ. ಇದನ್ನು ಕಂಡ ಕಲಾವಿದರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಇನ್ನು ಮುಂದೆ ಏನೂ ಹಾಕುವುದೇ ಬೇಡ ಎಂದು ಸುಮ್ಮನಾಗುತ್ತಾರೆ. ಇಲ್ಲವೇ "ಹೋಗ್ಲಿ ಬಿಡಿ, ಏನ್ ಮಾಡೋಕಾಗುತ್ತೆ" ಎನ್ನುತ್ತಾರೆ. ಎರಡೂ ಬೇಡ. ಚಿತ್ರ ತೋರಿಸದೆ ಇಂದಿನ ಕಲಾವಿದರಿಗೆ ಕೆಲಸ ಸಿಗುವುದಿಲ್ಲ. ಇನ್ನು ಮಾಡಲು ಆಗುವುದು ಬೇಕಾದಷ್ಟಿದೆ. ಆದರೆ ಅದರಲ್ಲಿ ಮುಕ್ಕಾಲು ಪಾಲು ಕಳ್ಳತನ ಆದ ಮೇಲೆ ಮಾಡುವುದಲ್ಲ, ಚಿತ್ರವನ್ನು ಪೋಸ್ಟ್ ಮಾಡುವ ಮೊದಲೇ ಮಾಡಿಡಬೇಕಾದದ್ದು.

ಮೊದಲು, ಚಿತ್ರ ಯಾರದ್ದು ಎಂದು ಗಟ್ಟಿ ಮಾಡಿಕೊಳ್ಳಿ

ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು. ಅದರ ಪ್ರಕಾರ ಚಿತ್ರ ಬಿಡಿಸಿದ ಕೂಡಲೇ ಕಾಪಿರೈಟ್ ಹುಟ್ಟುತ್ತದೆ. ಅರ್ಜಿ ಹಾಕಬೇಕಿಲ್ಲ, ಚಿತ್ರದ ಮೇಲೆ ಯಾವ ಗುರುತೂ ಹಾಕಬೇಕಿಲ್ಲ. ನೀವು ಬದುಕಿರುವವರೆಗೆ, ನಿಮ್ಮ ನಂತರ ಇನ್ನೂ 60 ವರ್ಷ ಅದು ಉಳಿಯುತ್ತದೆ. "ಗೂಗಲ್‌ನಲ್ಲಿ ಸಿಕ್ತು" ಅನ್ನುವುದು ಉತ್ತರವೇ ಅಲ್ಲ.

ಆದರೆ ಕಾಪಿರೈಟ್ ಇರುವುದು ನಿಮ್ಮ ಕೈ ಮಾಡಿದ ರೂಪಕ್ಕೆ. ವಿಷಯಕ್ಕೂ ಇಲ್ಲ, ಶೈಲಿಗೂ ಇಲ್ಲ. ಮೈಸೂರು ಶೈಲಿಯ ಗಜಲಕ್ಷ್ಮಿಯನ್ನು ಯಾರು ಬೇಕಾದರೂ ಬಿಡಿಸಬಹುದು. ನಿಮ್ಮ ಗಜಲಕ್ಷ್ಮಿಯನ್ನೇ ಟ್ರೇಸ್ ಮಾಡುವಂತಿಲ್ಲ. ದೂರು ಕೊಡುವ ಮೊದಲು ಈ ವ್ಯತ್ಯಾಸವನ್ನು ನಿಮ್ಮ ಮನಸ್ಸಿಗೇ ಕೇಳಿಕೊಳ್ಳಿ. ಎರಡೂ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಗೆರೆಗಳು ಕೂಡಿದವಾ? ಕೂಡಿದರೆ ಮುಂದೆ ಹೋಗಿ.

ಇಲ್ಲಿ ಒಂದು ಹಳ್ಳವಿದೆ, ತುಂಬಾ ಜನ ಬೀಳುವಂಥದ್ದು. ಯಾರಾದರೂ ದುಡ್ಡು ಕೊಟ್ಟು ನಿಮ್ಮಿಂದ ಚಿತ್ರ ಅಥವಾ ಭಾವಚಿತ್ರ ಬರೆಸಿಕೊಂಡರೆ, ಬೇರೆ ಮಾತುಕತೆ ಆಗಿರದಿದ್ದರೆ ಅದರ ಮೊದಲ ಕಾಪಿರೈಟ್ ಒಡೆತನ ದುಡ್ಡು ಕೊಟ್ಟವರದ್ದು. ಕಾಯ್ದೆಯ 17ನೇ ಸೆಕ್ಷನ್ ಹೀಗೆ ಹೇಳುತ್ತದೆ. ಆದ್ದರಿಂದ ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ವಾಟ್ಸಾಪಿನಲ್ಲಾದರೂ ಎರಡು ಸಾಲು ಹಾಕಿ: "ಈ ಚಿತ್ರದ ಕಾಪಿರೈಟ್ ನನ್ನದೇ ಆಗಿರುತ್ತದೆ. ನೀವು ಮನೆಯಲ್ಲಿ ಇಟ್ಟುಕೊಳ್ಳಬಹುದು, ಪ್ರಿಂಟ್ ಹಾಕಿಸಿ ಮಾರಬೇಕೆಂದರೆ ನನ್ನನ್ನು ಕೇಳಬೇಕು. ಒಪ್ಪಿಗೆ ಇದ್ದರೆ ತಿಳಿಸಿ." ಅವರು "ಓಕೆ" ಎಂದ ಮೆಸೇಜನ್ನು ಉಳಿಸಿಕೊಳ್ಳಿ. ನೀವೇ ಬಿಡಿಸಿಟ್ಟ ಚಿತ್ರವನ್ನು ಮಾರಿದರೆ ಈ ತೊಂದರೆ ಇಲ್ಲ. ಕ್ಯಾನ್ವಾಸ್ ಕೊಂಡವರಿಗೆ ಕ್ಯಾನ್ವಾಸ್ ಹೋಗುತ್ತದೆ, ಕಾಪಿರೈಟ್ ಹೋಗುವುದಿಲ್ಲ. ಕಾಪಿರೈಟ್ ಬರೆದುಕೊಡುವುದಾದರೆ ಅದು ಸಹಿ ಹಾಕಿದ ಬರಹದಲ್ಲೇ ಆಗಬೇಕು. ಅದರಲ್ಲಿ ಅವಧಿ ಬರೆದಿಲ್ಲದಿದ್ದರೆ 5 ವರ್ಷ ಮಾತ್ರ.

ಕಾಪಿರೈಟ್ ಬಿಟ್ಟುಕೊಟ್ಟರೂ ಎರಡು ಹಕ್ಕು ನಿಮ್ಮಲ್ಲೇ ಉಳಿಯುತ್ತವೆ: ಇದು ನನ್ನ ಕೃತಿ ಎಂದು ಹೇಳುವ ಹಕ್ಕು, ಅದನ್ನು ಕೆಡಿಸಿ ನಿಮ್ಮ ಹೆಸರಿಗೆ ಕಳಂಕ ತಂದರೆ ತಡೆಯುವ ಹಕ್ಕು. ಶಿಲ್ಪಿ ಅಮರ್‌ನಾಥ್ ಸೆಹಗಲ್ ಅವರು ದೆಹಲಿಯ ವಿಜ್ಞಾನ ಭವನಕ್ಕೆ ಮಾಡಿಕೊಟ್ಟ ಕಂಚಿನ ದೊಡ್ಡ ಭಿತ್ತಿಶಿಲ್ಪವನ್ನು ಸರ್ಕಾರ 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿತ್ತು. ಶಿಲ್ಪಿ ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಶಿಲ್ಪವನ್ನು ಅವರಿಗೇ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಎದುರಾಳಿ ಸರ್ಕಾರವೇ ಆಗಿದ್ದರೂ ಈ ಹಕ್ಕು ನಿಂತಿತು.

ಪೋಸ್ಟ್ ಮಾಡುವ ಮೊದಲು ಪುರಾವೆ ಮಾಡಿಡಿ

ಜಗಳ ಬಂದಾಗ ಕೇಳುವ ಪ್ರಶ್ನೆ ಒಂದೇ: ಇದನ್ನು ನೀವೇ ಮಾಡಿದ್ದು ಅನ್ನುವುದಕ್ಕೆ ಏನಿದೆ? ಮುಗಿದ ಚಿತ್ರದ ಫೋಟೋ ಕಳ್ಳನ ಹತ್ತಿರವೂ ಇರುತ್ತದೆ. ಅವನ ಹತ್ತಿರ ಇಲ್ಲದ್ದು ಚಿತ್ರ ಬೆಳೆದ ದಾರಿ.

ಒಂದು ಮೈಸೂರು ಶೈಲಿಯ ಚಿತ್ರವನ್ನೇ ತೆಗೆದುಕೊಳ್ಳಿ. ಪೆನ್ಸಿಲ್ ಗೆರೆ ಮುಗಿದಾಗ ಒಂದು ಫೋಟೋ. ಗೆಸ್ಸೊ, ಅಂದರೆ ಉಬ್ಬು ಕೂರಿಸುವ ಲೇಪದ ಕೆಲಸ ಆದ ಮೇಲೆ, ಚಿನ್ನದ ರೇಕು ಅಂಟಿಸುವ ಮೊದಲು ಒಂದು. ರೇಕು ಕೂತ ಮೇಲೆ ಇನ್ನೊಂದು. ಎಲ್ಲಾ ಮುಗಿದ ಮೇಲೆ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಚಿತ್ರದ ಪಕ್ಕದಿಂದ, ಹೆಚ್ಚುಕಮ್ಮಿ ಅದಕ್ಕೆ ತಾಗುವಷ್ಟು ಕೆಳಗೆ ಹಿಡಿದು ಫೋಟೋ ತೆಗೆಯಿರಿ. ಆಗ ಕಿರೀಟದ, ಒಡವೆಯ ಒಂದೊಂದು ಉಬ್ಬು ಚುಕ್ಕಿಯೂ ತನ್ನ ನೆರಳು ಬೀಳಿಸುತ್ತದೆ. ಯಾವ ಚುಕ್ಕಿ ದಪ್ಪ, ಯಾವುದು ಸ್ವಲ್ಪ ಪಕ್ಕಕ್ಕೆ ಜಾರಿದೆ, ಎಲ್ಲಿ ಸಾಲು ಬಿಗಿಯಾಗಿದೆ, ಎಲ್ಲಾ ಕಾಣುತ್ತದೆ. ಅದೇ ಕಲಾವಿದರು ಅದೇ ಚಿತ್ರವನ್ನು ಮತ್ತೆ ಮಾಡಿದರೂ ಆ ಚುಕ್ಕಿಗಳು ಹಾಗೇ ಬರುವುದಿಲ್ಲ. ಆಮೇಲೆ ಸಹಿಯ ಹತ್ತಿರದ ಫೋಟೋ, ನಾಲ್ಕು ಅಂಚುಗಳು, ಹಿಂಬದಿ. ಹಿಂಬದಿಯಲ್ಲಿ ಮರದ ಗಂಟು, ಮೊಳೆ, ಅಂಗಡಿಯ ಚೀಟಿ ಏನಿದ್ದರೂ ಬರಲಿ. ಈ ಟಾರ್ಚ್ ಬೆಳಕಿನ ಫೋಟೋವನ್ನು ಮಾತ್ರ ಎಲ್ಲೂ ಪೋಸ್ಟ್ ಮಾಡಬೇಡಿ.

ಡಿಜಿಟಲ್ ಕಲಾವಿದರಿಗೆ ಇದು ಇನ್ನೂ ಸುಲಭ. ಲೇಯರ್ ಇರುವ ಮೂಲ ಫೈಲ್, ಕಚ್ಚಾ ಸ್ಕೆಚ್, ಆ್ಯಪ್ ತಾನಾಗಿ ಮಾಡಿಡುವ ಟೈಮ್‌ಲ್ಯಾಪ್ಸ್ ವಿಡಿಯೋ ಇವನ್ನು ಉಳಿಸಿ. ಮೂಲ ಫೈಲನ್ನು ಗಿರಾಕಿಗೂ ಕೊಡಬೇಡಿ. ಒಂದೊಂದು ಚಿತ್ರಕ್ಕೂ ಒಂದು ಫೋಲ್ಡರ್, ಹೆಸರಿನಲ್ಲೇ ತಾರೀಖು, ಇನ್ನೊಂದು ಪ್ರತಿ ಕ್ಲೌಡ್‌ನಲ್ಲಿ. ತಮಗೆ ತಾವೇ ಅಂಚೆಯಲ್ಲಿ ಚಿತ್ರದ ಪ್ರತಿ ಕಳಿಸಿಕೊಂಡು ಲಕೋಟೆ ಒಡೆಯದೆ ಇಡುವ ಹಳೇ ಪದ್ಧತಿ ಒಂದಿದೆ. ಅದರಿಂದ ಹೆಚ್ಚು ಉಪಯೋಗ ಇಲ್ಲ, ಆ ದುಡ್ಡನ್ನು ನೋಂದಣಿಗೆ ಇಡಿ.

ನೋಂದಣಿ ಕಡ್ಡಾಯವಲ್ಲ, ಆದರೆ ಕೋರ್ಟಿನಲ್ಲಿ ಅದು ಮೇಲ್ನೋಟದ ಸಾಕ್ಷಿಯಾಗುತ್ತದೆ, ಅಂದರೆ ತಪ್ಪೆಂದು ಎದುರಿನವರು ತೋರಿಸುವವರೆಗೆ ಅದನ್ನು ಒಪ್ಪುತ್ತಾರೆ. ಕಾಪಿರೈಟ್ ಕಚೇರಿಯ ವೆಬ್‌ಸೈಟಿನಲ್ಲೇ ಅರ್ಜಿ ಹಾಕಬಹುದು. ಒಂದು ಚಿತ್ರಕ್ಕೆ ಶುಲ್ಕ 500 ರೂಪಾಯಿ. ಸರಕಿನ ಮೇಲೆ, ಅಂದರೆ ಲೇಬಲ್ ಅಥವಾ ಲೋಗೋ ಥರ ಬಳಸುವಂಥದ್ದಾದರೆ 2000 ರೂಪಾಯಿ, ಜೊತೆಗೆ ಟ್ರೇಡ್‌ಮಾರ್ಕ್ ಕಚೇರಿಯ ಪ್ರಮಾಣಪತ್ರವೂ ಬೇಕು. ಆಕ್ಷೇಪಣೆಗೆಂದು 30 ದಿನ ಕಾಯುತ್ತಾರೆ. ಬಿಡಿಸಿದ್ದನ್ನೆಲ್ಲ ನೋಂದಾಯಿಸಲು ಹೋಗಬೇಡಿ. ಯಾವ ಚಿತ್ರದಿಂದ ಜಾಸ್ತಿ ಪ್ರಿಂಟ್ ಮಾರುತ್ತೀರೋ, ಯಾವುದು ಜನರ ಬಾಯಲ್ಲಿದೆಯೋ ಅವುಗಳಿಗೆ ಸಾಕು.

ಸೀರೆ, ಬಟ್ಟೆಗೆ ಡಿಸೈನ್ ಮಾಡುವವರಿಗೆ ಬೇರೆಯೇ ಎಚ್ಚರಿಕೆ ಬೇಕು. ಡಿಸೈನ್ ಕಾಯ್ದೆಯಡಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಕಾರ್ಖಾನೆಯ ರೀತಿಯಲ್ಲಿ 50ಕ್ಕಿಂತ ಜಾಸ್ತಿ ಪ್ರತಿ ಮಾಡಿದರೆ ಅದರ ಕಾಪಿರೈಟೇ ಹೋಗುತ್ತದೆ. ಮೊದಲ ಬಟ್ಟೆ ಹೊರಬೀಳುವ ಮುಂಚೆ ವಕೀಲರೊಬ್ಬರನ್ನು ಕೇಳಿ.

ಎಷ್ಟು ತೋರಿಸಬೇಕೋ ಅಷ್ಟೇ ತೋರಿಸಿ

300 ಡಿಪಿಐನಲ್ಲಿ, ಅಂದರೆ ಒಂದು ಇಂಚಿಗೆ 300 ಚುಕ್ಕಿಯಂತೆ, ಒಂದು ಎ4 ಪ್ರಿಂಟ್ ಚೆನ್ನಾಗಿ ಬರಬೇಕೆಂದರೆ 2480 × 3508 ಪಿಕ್ಸೆಲ್ ಬೇಕು. ಮೊಬೈಲ್ ಪರದೆಗೆ 1080 ಪಿಕ್ಸೆಲ್ ಅಗಲ ಸಾಕು. ಅದೇ ಗುಣಮಟ್ಟದಲ್ಲಿ ಪ್ರಿಂಟ್ ಹಾಕಿದರೆ ಅದು ಮೂರೂವರೆ ಇಂಚು ಅಗಲ ಬರುತ್ತದೆ, ಅಷ್ಟೇ. ಆದ್ದರಿಂದ ಕ್ಯಾಮೆರಾದ ಫೈಲನ್ನು ಹಾಗೇ ಹಾಕಬೇಡಿ, ಚಿಕ್ಕದು ಮಾಡಿ ಹಾಕಿ. ಚಿಕ್ಕ ಚಿತ್ರವನ್ನು ಹಿಗ್ಗಿಸುವ ಎಐ ಸಾಧನಗಳು ಈಗ ಇವೆ, ನಿಜ. ಆದರೆ ಅವು ಒಡವೆಯ ಚುಕ್ಕಿ, ಕೂದಲ ಎಳೆ, ಬಟ್ಟೆಯ ಜರಿಯನ್ನು ಅಂದಾಜಿನಲ್ಲಿ ತುಂಬುತ್ತವೆ. ನಿಮ್ಮ ಮೂಲ ಫೈಲಿನ ಪಕ್ಕ ಇಟ್ಟರೆ ಅದು ಗೊತ್ತಾಗುತ್ತದೆ.

ವಾಟರ್‌ಮಾರ್ಕ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಮೂಲೆಯಲ್ಲಿ ಹಾಕಿದರೆ ಕತ್ತರಿಸಿ ಬಿಸಾಕುತ್ತಾರೆ. ಚಿತ್ರದ ಎದೆಯ ಮೇಲೆ ಅಡ್ಡಡ್ಡ ಹಾಕಿದರೆ ನೋಡುವವರ ಖುಷಿಯೇ ಹೋಗುತ್ತದೆ. ಹೆಸರನ್ನು ಚಿತ್ರದ ಒಳಗೇ ಕೂರಿಸಿ. ಸೆರಗಿನ ಅಂಚಿನ ಜೊತೆ ಓಡುವ ಹಾಗೆ, ಕಂಬದ ನೆರಳಲ್ಲಿ ಸೇರುವ ಹಾಗೆ. ಅಳಿಸಬೇಕಾದರೆ ಅವರು ಚಿತ್ರವನ್ನೇ ಮತ್ತೆ ಬಿಡಿಸಬೇಕು. ಫೈಲಿನ ಮಾಹಿತಿಯಲ್ಲಿ ಅಂದರೆ ಮೆಟಾಡೇಟಾದಲ್ಲಿ ಹೆಸರು, ವರ್ಷ, ಇಮೇಲ್ ಹಾಕಿಡಿ. ವಾಟ್ಸಾಪ್, ಇನ್‌ಸ್ಟಾಗ್ರಾಮ್ ಅದನ್ನು ಉಳಿಸಿಕೊಳ್ಳುವುದಿಲ್ಲ. ಆದರೆ ನಿಮ್ಮ ವೆಬ್‌ಸೈಟಿನಿಂದ ತೆಗೆದುಕೊಂಡವರು ಬೇಕೆಂದೇ ಅದನ್ನು ಅಳಿಸಿದರೆ, ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯ ಪ್ರಕಾರ ಅದೇ ಒಂದು ಅಪರಾಧ.

ಹುಡುಕುತ್ತಾ ಇರಿ

ತಿಂಗಳಿಗೊಮ್ಮೆ ನಿಮ್ಮ ಮುಖ್ಯ ಚಿತ್ರಗಳನ್ನು, ಚಿತ್ರ ಕೊಟ್ಟರೆ ಅದು ಎಲ್ಲೆಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್ ಮತ್ತು ಟಿನ್‌ಐ ಎರಡರಲ್ಲೂ ಹಾಕಿ ನೋಡಿ. ಇಡೀ ಚಿತ್ರ ಹಾಕಿದಾಗ ಸಿಗದ್ದು ಮುಖ ಮಾತ್ರ ಕತ್ತರಿಸಿ ಹಾಕಿದಾಗ ಸಿಗುವುದುಂಟು. ಎಡ ಬಲ ತಿರುಗಿಸಿಯೂ ಹುಡುಕಿ, ಕದ್ದವರು ಬಹಳ ಸಲ ಮಾಡುವ ಬದಲಾವಣೆ ಅದೇ. ಕನ್ನಡದ ಚಿತ್ರಗಳಿಗೆ ಅಕ್ಟೋಬರ್ ಕೊನೆ ಮತ್ತು ಗಣೇಶನ ಹಬ್ಬದ ಹಿಂದಿನ ವಾರ ವಿಶೇಷವಾಗಿ ನೋಡಬೇಕಾದ ಕಾಲ.

ಕದಿಯುವವರೆಲ್ಲ ಮನುಷ್ಯರೇ ಆಗಿರಬೇಕಿಲ್ಲ. 2019ರ ಡಿಸೆಂಬರಿನಲ್ಲಿ ಟ್ವಿಟರಿನ ಕಲಾವಿದರು ಒಂದು ವಿಷಯ ಕಂಡುಹಿಡಿದರು. ಚಿತ್ರದ ಕೆಳಗೆ ಯಾರಾದರೂ "ಇದು ಟೀ ಶರ್ಟ್ ಮೇಲೆ ಇದ್ದರೆ ಕೊಳ್ಳುತ್ತಿದ್ದೆ" ಎಂದು ಬರೆದರೆ ಸಾಕು, ತಾವಾಗಿ ಓಡುವ ಕಂಪ್ಯೂಟರ್ ಪ್ರೋಗ್ರಾಮುಗಳಾದ ಬಾಟ್‌ಗಳು ಆ ಚಿತ್ರವನ್ನು ಎತ್ತಿಕೊಂಡು ತಾವಾಗಿಯೇ ಅಂಗಡಿಗೆ ಹಾಕುತ್ತಿದ್ದವು. ಪರೀಕ್ಷೆಗೆಂದು ಕಲಾವಿದರು "ಈ ಅಂಗಡಿ ಕದ್ದ ಚಿತ್ರ ಮಾರುತ್ತದೆ" ಎಂಬ ಅರ್ಥದ ಮಾತುಗಳನ್ನೇ ಬರೆದು ಹಾಕಿದರು. ಅದೂ ಟೀ ಶರ್ಟ್ ಆಗಿ ಮಾರಾಟಕ್ಕೆ ಬಂತು. ನಿಮ್ಮ ಅಭಿಮಾನಿಗಳಿಗೆ ಹೇಳಿ: ಅಂಥ ಆಸೆ ಇದ್ದರೆ ಕಾಮೆಂಟ್ ಬೇಡ, ಮೆಸೇಜ್ ಮಾಡಿ ಅಂತ.

ಸಿಕ್ಕಿಬಿದ್ದಾಗ ಮೊದಲ ಒಂದು ಗಂಟೆ

ಕೋಪ ಬರುತ್ತದೆ, ಬರಲೇಬೇಕು. ಆದರೆ ಅಲ್ಲಿ ಹೋಗಿ "ಕಳ್ಳ" ಎಂದು ಕಾಮೆಂಟ್ ಹಾಕಬೇಡಿ. ಹಾಕಿದ ಐದು ನಿಮಿಷದಲ್ಲಿ ಅವರು ಪೋಸ್ಟ್ ಅಳಿಸುತ್ತಾರೆ, ನಿಮ್ಮ ಸಾಕ್ಷಿಯೂ ಹೋಗುತ್ತದೆ.

ಮೊದಲು ಕಂಪ್ಯೂಟರಿನಲ್ಲಿ ಆ ಪುಟ ತೆರೆದು, ಮೇಲಿನ ವಿಳಾಸ, ಮಾರುವವರ ಹೆಸರು, ಬೆಲೆ, ತಾರೀಖು ಎಲ್ಲಾ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಪುಟವನ್ನು ಮೇಲಿಂದ ಕೆಳಗೆ ಸರಿಸುತ್ತಾ ಸ್ಕ್ರೀನ್ ರೆಕಾರ್ಡಿಂಗ್ ಮಾಡಿ. ವೆಬ್ ಪುಟಗಳ ಪ್ರತಿಯನ್ನು ಉಳಿಸಿಡುವ ತಾಣವಾದ ವೇಬ್ಯಾಕ್ ಮಷೀನ್‌ನಲ್ಲಿ ಆ ವಿಳಾಸ ಹಾಕಿ ಪುಟವನ್ನು ಉಳಿಸಿ, ಆಗ ಮೂರನೆಯವರ ಹತ್ತಿರವೂ ತಾರೀಖು ಸಮೇತ ಒಂದು ಪ್ರತಿ ಇರುತ್ತದೆ. ವಸ್ತು ಅಗ್ಗದ್ದಾದರೆ ಒಂದು ಕೊಂಡುಬಿಡಿ. ಬಿಲ್, ಕವರ್ ಮೇಲಿನ ಕಳಿಸಿದವರ ವಿಳಾಸ, ಕೈಯಲ್ಲಿ ಹಿಡಿಯಬಹುದಾದ ನಕಲಿ ಮೂರೂ ಸಿಗುತ್ತವೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ನಮ್ಮ ದೇಶದಲ್ಲಿ ವ್ಯಾಪಾರ ಮಾಡುವ ಆನ್‌ಲೈನ್ ಮಾರುಕಟ್ಟೆಗಳು ಮಾರಾಟಗಾರರ ಹೆಸರು, ವಿಳಾಸ ತೋರಿಸಲೇಬೇಕು. ಅದನ್ನೂ ಬರೆದಿಟ್ಟುಕೊಳ್ಳಿ.

ಸ್ಕ್ರೀನ್‌ಶಾಟ್ ತೆಗೆದ ಮೊಬೈಲನ್ನು ಫಾರ್ಮ್ಯಾಟ್ ಮಾಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಂತೆ ಇಂಥ ಸಾಕ್ಷಿಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಯಾವ ಸಾಧನದಲ್ಲಿ ತೆಗೆದದ್ದು ಎಂದು ಆಗ ಕೇಳುತ್ತಾರೆ.

ಮಾತಾಡಿ, ಆಮೇಲೆ ಬರೆಯಿರಿ

ಫ್ಲೆಕ್ಸ್ ಅಂಗಡಿ, ಸಣ್ಣ ಟೀ ಶರ್ಟ್ ವ್ಯಾಪಾರಿ, ಊರಿನ ಸಂಘ ಇಂಥವರಾದರೆ ಮೊದಲು ಫೋನ್ ಮಾಡಿ. ಹೆಚ್ಚಿನವರು ಮೋಸ ಮಾಡುವ ಉದ್ದೇಶದಿಂದ ಮಾಡಿರುವುದಿಲ್ಲ. ಗೂಗಲ್‌ನಲ್ಲಿ ಕಂಡದ್ದು ಎಲ್ಲರದ್ದು ಅಂದುಕೊಂಡಿರುತ್ತಾರೆ. "ಅಣ್ಣ, ಅದು ನಾನು ಬಿಡಿಸಿದ ಚಿತ್ರ. ನನ್ನ ಹತ್ತಿರ ಮೂಲ ಇದೆ" ಎಂದು ಸಮಾಧಾನದಲ್ಲಿ ಹೇಳಿದರೆ ಹೆಸರು ಹಾಕುವವರು, ದುಡ್ಡು ಕೊಡುವವರು, ಮುಂದಿನ ಕೆಲಸ ನಿಮಗೇ ಕೊಡುವವರೂ ಇದ್ದಾರೆ. ನಾಚಿಕೊಳ್ಳದೆ ಬಿಲ್ ಕಳಿಸಿ. ನೀವು ಮಾಮೂಲಿ ಎಷ್ಟು ತೆಗೆದುಕೊಳ್ಳುತ್ತೀರೋ ಅಷ್ಟು ಹಾಕಿ.

ಬಗ್ಗದಿದ್ದರೆ ಇಮೇಲ್. ಉದ್ದ ಬೇಡ, ಬೈಗುಳ ಬೇಡ. ಹೀಗಿದ್ದರೆ ಸಾಕು:

"ನೀವು ಈ ವಿಳಾಸದ ಪುಟದಲ್ಲಿ ಮಾರುತ್ತಿರುವ ಟೀ ಶರ್ಟಿನ ಮೇಲಿನ ಚಿತ್ರವನ್ನು ಬಿಡಿಸಿದವನು ನಾನು. ಇಂಥ ತಾರೀಖಿನಂದು ನನ್ನ ಖಾತೆಯಲ್ಲಿ ಪ್ರಕಟಿಸಿದ್ದೇನೆ, ಕೊಂಡಿ ಇಲ್ಲಿದೆ. ಮೂಲ ಫೈಲ್ ನನ್ನಲ್ಲಿದೆ. ಇದನ್ನು ಬಳಸಲು ನಾನು ಯಾರಿಗೂ ಅನುಮತಿ ಕೊಟ್ಟಿಲ್ಲ. ಏಳು ದಿನದೊಳಗೆ ಮಾರಾಟ ನಿಲ್ಲಿಸಿ, ಇದುವರೆಗೆ ಎಷ್ಟು ಮಾರಿದ್ದೀರಿ ಎಂದು ತಿಳಿಸಿ. ಇಲ್ಲದಿದ್ದರೆ 1957ರ ಕಾಪಿರೈಟ್ ಕಾಯ್ದೆಯಂತೆ ಮುಂದಿನ ಕ್ರಮ ತೆಗೆದುಕೊಳ್ಳುತ್ತೇನೆ."

ಬರೆದದ್ದೆಲ್ಲ ನಿಜವಾಗಿರಲಿ. ಆಧಾರವಿಲ್ಲದೆ ಹೀಗೆ ಹೆದರಿಸಿದರೆ ಎದುರಿನವರೇ ನಿಮ್ಮ ಮೇಲೆ ಕೇಸು ಹಾಕಲು ಕಾಯ್ದೆಯ 60ನೇ ಸೆಕ್ಷನ್ ದಾರಿ ಕೊಡುತ್ತದೆ.

ವೇದಿಕೆಗೆ ದೂರು

ಪೋಸ್ಟಿನ ಮೇಲಿನ ಮೂರು ಚುಕ್ಕಿ ಒತ್ತಿ "ಸ್ಪ್ಯಾಮ್" ಎಂದು ರಿಪೋರ್ಟ್ ಮಾಡಿದರೆ ಏನೂ ಆಗುವುದಿಲ್ಲ. ಇನ್‌ಸ್ಟಾಗ್ರಾಮಿನಂಥ ಪ್ರತಿ ದೊಡ್ಡ ವೇದಿಕೆಗೂ ಕಾಪಿರೈಟ್ ದೂರಿಗೆಂದೇ ಬೇರೆ ಫಾರ್ಮ್ ಇದೆ, ಅದನ್ನೇ ತುಂಬಿ. ಮೂಲ ಚಿತ್ರದ ಕೊಂಡಿ, ಕದ್ದ ಒಂದೊಂದು ಪುಟದ ಕೊಂಡಿ ಬೇರೆ ಬೇರೆ, ನೀವೇ ಹಕ್ಕುದಾರರು ಎಂಬ ಹೇಳಿಕೆ ಬೇಕು. ಅಂಗಡಿಯ ಮುಖಪುಟದ ಕೊಂಡಿ ಕೊಟ್ಟರೆ ತಿರಸ್ಕರಿಸುತ್ತಾರೆ.

ಅಮೆರಿಕದ ಕಂಪನಿಗಳು ಅಲ್ಲಿನ 1998ರ ಡಿಎಂಸಿಎ ಎಂಬ ಡಿಜಿಟಲ್ ಕಾಪಿರೈಟ್ ಕಾನೂನಿನಂತೆ ನಡೆಯುತ್ತವೆ. ಭಾರತದಲ್ಲಿ ಹುಟ್ಟಿದ ಚಿತ್ರಕ್ಕೂ ಕಾಪಿರೈಟ್ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದಿಂದ ಅಲ್ಲಿ ರಕ್ಷಣೆ ಇದೆ. ಎದುರಿನವರು ನಿಮ್ಮ ದೂರು ತಪ್ಪು ಎಂದು ಪ್ರತಿ ಹೇಳಿಕೆ ಕೊಟ್ಟರೆ, ನೀವು ಕೋರ್ಟಿಗೆ ಹೋಗದ ಹೊರತು 10ರಿಂದ 14 ಕೆಲಸದ ದಿನಗಳಲ್ಲಿ ಚಿತ್ರ ಮತ್ತೆ ಮೇಲೇರುತ್ತದೆ. ನಮ್ಮ ಕಾಯ್ದೆಯಲ್ಲೂ ಹೀಗೇ. 2013ರ ಕಾಪಿರೈಟ್ ನಿಯಮಗಳಂತೆ ಲಿಖಿತ ದೂರು ಕೊಟ್ಟ 36 ಗಂಟೆಯೊಳಗೆ ವೇದಿಕೆ ಆ ಚಿತ್ರವನ್ನು ತಡೆಯಬೇಕು, ಆದರೆ 21 ದಿನದೊಳಗೆ ನೀವು ಕೋರ್ಟ್ ಆದೇಶ ತರಬೇಕು. ಇಷ್ಟಾದರೂ ಭಯ ಬೇಡ. ಕದ್ದು ಮಾರುವವರು ತಮ್ಮ ನಿಜವಾದ ಹೆಸರು, ವಿಳಾಸ ಬರೆದು ಪ್ರತಿ ಹೇಳಿಕೆ ಕೊಡಲು ಮುಂದೆ ಬರುವುದು ಅಪರೂಪ. ವೇದಿಕೆ ಕೇಳಲೇ ಇಲ್ಲ ಅಂದರೆ ಅದರ ಭಾರತದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅಲ್ಲಿಯೂ ಆಗದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ನಕಲಿ ಸಹಿ, ನಕಲಿ ಮೂಲಚಿತ್ರ

ಚಿತ್ರ ಕದಿಯುವುದು ಒಂದಾದರೆ, ನಿಮ್ಮ ಹೆಸರನ್ನೇ ಕದಿಯುವುದು ಇನ್ನೊಂದು. 2009ರಲ್ಲಿ ಹೆಸರಾಂತ ಚಿತ್ರಕಲಾವಿದ ಎಸ್.ಎಚ್. ರಜಾ ಫ್ರಾನ್ಸಿನಿಂದ ದೆಹಲಿಗೆ ಬಂದು ತಮ್ಮದೇ ಚಿತ್ರಗಳ ಪ್ರದರ್ಶನಕ್ಕೆ ಹೋದರು. ಗೋಡೆಯ ಮೇಲಿದ್ದ ಹಲವು ಚಿತ್ರಗಳು ಅವರು ಬಿಡಿಸಿದ್ದೇ ಅಲ್ಲ! ಕಲಾವಿದರೇ ಎದುರಿಗಿದ್ದದ್ದರಿಂದ ಅದು ಗೊತ್ತಾಯಿತು.

ಇದಕ್ಕೆ ಮದ್ದು ಒಂದು ಗಟ್ಟಿ ರಟ್ಟಿನ ಪುಸ್ತಕ. ಮಾರಿದ ಪ್ರತಿ ಚಿತ್ರಕ್ಕೂ ಸಂಖ್ಯೆ, ಅಳತೆ, ಮಾಧ್ಯಮ, ವರ್ಷ, ಕೊಂಡವರ ಹೆಸರು ಬರೆಯಿರಿ. ಅದೇ ಸಂಖ್ಯೆಯನ್ನು ಚಿತ್ರದ ಹಿಂದೆಯೂ, ಕೊಂಡವರಿಗೆ ಕೊಡುವ ದೃಢೀಕರಣ ಪತ್ರದಲ್ಲೂ ಬರೆಯಿರಿ. ಪತ್ರದಲ್ಲಿ ಚಿತ್ರದ ಫೋಟೋ ಅಂಟಿಸಿ, ಅರ್ಧ ಫೋಟೋ ಮೇಲೆ, ಅರ್ಧ ಕಾಗದದ ಮೇಲೆ ಬರುವ ಹಾಗೆ ಸಹಿ ಹಾಕಿ. ಪ್ರಿಂಟ್ ಮಾರುವವರು 3/25 ಥರ, ಅಂದರೆ 25 ಪ್ರತಿಗಳಲ್ಲಿ ಮೂರನೆಯದು ಎಂದು ಸಂಖ್ಯೆ ಹಾಕಿ, 25 ಮುಗಿದ ಮೇಲೆ ಇನ್ನೊಂದು ತೆಗೆಯಬೇಡಿ. ಆ ಮಾತು ಉಳಿಸಿಕೊಂಡರೇ ಆ ಸಂಖ್ಯೆಗೆ ಬೆಲೆ. ಚಿತ್ರಸಂತೆಯಲ್ಲಿ ಕೊಳ್ಳುವವರಿಗೂ ಇದನ್ನೇ ಹೇಳುತ್ತೇನೆ: ಪತ್ರ ಕೇಳಿ, ಕಲಾವಿದರ ಜೊತೆ ಚಿತ್ರ ಹಿಡಿದು ಒಂದು ಫೋಟೋ ತೆಗೆಸಿಕೊಳ್ಳಿ.

ನಿಮ್ಮ ಹೆಸರಲ್ಲಿ ನಕಲಿ ಖಾತೆ ತೆರೆದು ಜನರಿಂದ ಅಡ್ವಾನ್ಸ್ ವಸೂಲಿ ಮಾಡುತ್ತಿದ್ದರೆ ಅದು ನೇರವಾಗಿ ವಂಚನೆ. ದುಡ್ಡು ಕಳೆದುಕೊಂಡವರಿಗೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲು ಹೇಳಿ. ನೀವು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಅಥವಾ ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲಿ ದೂರು ಕೊಡಿ.

ಎಐ ವಿಷಯ

ಎಐ ನಿಮ್ಮ ಚಿತ್ರಗಳಿಂದ ಕಲಿತು ಅದೇ ಶೈಲಿಯಲ್ಲಿ ಚಿತ್ರ ಮಾಡಿದರೆ ಏನು? ಇದರಲ್ಲಿ ಕಾನೂನು ಇನ್ನೂ ಕುದಿಯುತ್ತಿದೆ. ಶೈಲಿಗೆ ಕಾಪಿರೈಟ್ ಇಲ್ಲ ಎಂಬ ಹಳೇ ತತ್ವವೇ ಇಲ್ಲಿ ಕಲಾವಿದರನ್ನು ನೋಯಿಸುತ್ತಿದೆ. ಷಿಕಾಗೋ ವಿಶ್ವವಿದ್ಯಾಲಯದವರು 2023ರಲ್ಲಿ ಗ್ಲೇಜ್, 2024ರಲ್ಲಿ ನೈಟ್‌ಶೇಡ್ ಎಂಬ ಉಚಿತ ಸಾಧನಗಳನ್ನು ಬಿಟ್ಟಿದ್ದಾರೆ. ಅವು ಕಣ್ಣಿಗೆ ಅಷ್ಟಾಗಿ ಕಾಣದಂತೆ ಪಿಕ್ಸೆಲ್‌ಗಳನ್ನು ಬದಲಿಸಿ ಯಂತ್ರದ ಲೆಕ್ಕ ತಪ್ಪಿಸುತ್ತವೆ. ನುಣುಪಾದ, ಒಂದೇ ಬಣ್ಣದ ಜಾಗಗಳಲ್ಲಿ ಆ ಬದಲಾವಣೆಯ ಗುರುತು ಕಾಣಬಹುದು, ಹಾಕುವ ಮೊದಲು ನೋಡಿಕೊಳ್ಳಿ. ಇದು ಶಾಶ್ವತ ಬೀಗವಲ್ಲ. ಆದರೂ ಹೊಸ ಚಿತ್ರಗಳಿಗೆ ಬಳಸಿ ಎಂದೇ ನಾನು ಹೇಳುವುದು. ಎಐಯಿಂದ ಹೊರಬಂದ ಚಿತ್ರ ನಿಮ್ಮ ನಿರ್ದಿಷ್ಟ ಕೃತಿಯ ಪ್ರತಿಯಂತೆಯೇ ಇದ್ದು, ಅದನ್ನು ಯಾರಾದರೂ ಮಾರುತ್ತಿದ್ದರೆ ಮೇಲೆ ಹೇಳಿದ ದೂರಿನ ದಾರಿಯನ್ನೇ ಹಿಡಿಯಿರಿ.

ಕೊನೆಗೆ ಪೊಲೀಸು, ಕೋರ್ಟು

ಗೊತ್ತಿದ್ದೂ ಕಾಪಿರೈಟ್ ಮುರಿದರೆ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ನಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಇದು ಪೊಲೀಸರು ನೇರವಾಗಿ ಕೇಸು ದಾಖಲಿಸಬಹುದಾದ ಅಪರಾಧ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಠಾಣೆಯಲ್ಲಿ "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಎಂದರೆ ಈ ತೀರ್ಪನ್ನು ನೆನಪಿಸಿ.

ಸಿವಿಲ್ ಕೇಸಿಗೆ ಕಳ್ಳನ ಊರಿಗೆ ಅಲೆಯಬೇಕು ಎಂದು ಬಹಳ ಜನ ಹಿಂಜರಿಯುತ್ತಾರೆ. ಅಗತ್ಯವಿಲ್ಲ. 62ನೇ ಸೆಕ್ಷನ್ನಿನ ಪ್ರಕಾರ ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ಧಾರವಾಡದ ಕಲಾವಿದೆ ಸೂರತ್ತಿನ ಬಟ್ಟೆ ವ್ಯಾಪಾರಿಯ ಮೇಲೆ ಧಾರವಾಡದಲ್ಲೇ ಕೇಸು ಹಾಕಬಹುದು. ಕಾಪಿರೈಟ್ ಮುರಿದ ದಿನದಿಂದ ಮೂರು ವರ್ಷ ದಾಟಲು ಮಾತ್ರ ಬಿಡಬೇಡಿ.

ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರು ಉಚಿತ. ಉಳಿದವರಿಗೆ ಆದಾಯದ ಮಿತಿ ಇದೆ. ಹೋಗುವಾಗ ಆಧಾರ್, ಚಿತ್ರದ ಫೋಲ್ಡರಿನ ಪ್ರತಿ ಇರುವ ಪೆನ್‌ಡ್ರೈವ್, ಸ್ಕ್ರೀನ್‌ಶಾಟುಗಳ ಕಲರ್ ಪ್ರಿಂಟ್, ನೀವು ಕಳಿಸಿದ ಇಮೇಲಿನ ಪ್ರತಿ ಮತ್ತು ಕೊಂಡ ನಕಲಿ ವಸ್ತುವಿನ ಬಿಲ್ ತೆಗೆದುಕೊಂಡು ಹೋಗಿ.